ಮಂಡಿಯ ಚಿಕಿತ್ಸೆ: ಕಲಿಸಿದ ಮೈಗೆ ಸಲ್ಲಬೇಕಾದ ಬಾಕಿ

(ನಂಜನಗೂಡಿನಲ್ಲಿಯೂ ತಿರುಮಕೂಡಲು ನರಸೀಪುರದಲ್ಲಿಯೂ ಕಾರ್ಮಿಕರ ಮತ್ತು ಚಿಲ್ಲರೆ ವರ್ತಕರ ಸಭೆಗಳಲ್ಲಿ ಮಾಡಿದ ಭಾಷಣದ ಪಾಠ)



ಇಂದು ಬೋನಸ್ಸಿನ ಮಾತಿಲ್ಲ, ತೆರಿಗೆಯ ಮಾತೂ ಇಲ್ಲ. ಮಂಡಿಯ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ನಾವು ಬಂದಿದ್ದೇವೆ. ಮಂಡಿ ಎಂದೊಡನೆ ವರ್ತಕ ಮಿತ್ರರು ಕಿವಿ ನಿಮಿರಿಸಿದ್ದೀರಿ. ಇದು ಅಕ್ಕಿ ಮಂಡಿಯಲ್ಲ, ಬಾಳೆಕಾಯಿ ಮಂಡಿಯಲ್ಲ. ನಿಮ್ಮ ನಮ್ಮ ಕಾಲಿನ ಮಂಡಿ. ಅಕ್ಕಿ ಮಂಡಿಗೆ ಮೂಟೆ ಹೊತ್ತ ಹಮಾಲಿಯ ಮಂಡಿ, ಗಲ್ಲಾಪೆಟ್ಟಿಗೆಯ ಹಿಂದೆ ದಿನವಿಡೀ ಕಾಲು ಮಡಿಸಿ ಕೂತ ಅಂಗಡಿಯವರ ಮಂಡಿ, ಮಿಲ್ಲಿನಲ್ಲಿ ಪಾಳಿಯುದ್ದಕ್ಕೂ ನಿಂತವರ ಮಂಡಿ, ಗದ್ದೆಯ ಕೆಸರಿನಲ್ಲಿ ಬಗ್ಗಿ ನಾಟಿ ಮಾಡಿದ ತಾಯಿಯ ಮಂಡಿ.

ಈ ಮಾತನ್ನು ಎರಡು ಊರಿನಲ್ಲಿಯೂ ಆಡುವುದಕ್ಕೆ ಕಾರಣವಿದೆ. ನಂಜನಗೂಡಿನಲ್ಲಿ ಹರಿಯುವ ಕಪಿಲೆಯೇ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಅಲ್ಲಿ ಕಾರ್ಖಾನೆ, ಇಲ್ಲಿ ರೇಷ್ಮೆ ನೂಲು ಬಿಚ್ಚುವ ಫಿಲೇಚರ್. ಸುತ್ತ ಭತ್ತ, ಕಬ್ಬು. ಕಸುಬು ಬೇರೆಯಾದರೂ ನೋವು ಒಂದೇ. ನೋವು ಹೆಚ್ಚಾದಾಗ ಎರಡು ಊರಿನವರೂ ಹತ್ತುವುದು ಮೈಸೂರಿನ ಬಸ್ಸನ್ನೇ, ಇಳಿಯುವುದು ನಾವು ದೊಡ್ಡಾಸ್ಪತ್ರೆ ಎಂದು ಕರೆಯುವ ಕೃಷ್ಣರಾಜೇಂದ್ರ ಆಸ್ಪತ್ರೆಯ ಬಾಗಿಲಿನಲ್ಲೇ. ನಂಜನಗೂಡಿನ ದೇವರಿಗೆ ಹಕೀಮ ನಂಜುಂಡನೆಂಬ ಹೆಸರುಂಟು. ಟಿಪ್ಪುವಿನ ಆನೆಯ ಕಣ್ಣು ಅವನ ಸನ್ನಿಧಿಯಲ್ಲಿ ವಾಸಿಯಾಯಿತೆಂದು ಹಿರಿಯರು ಹೇಳುತ್ತಾರೆ. ನಂಬಿಕೆಯ ವಿಚಾರದಲ್ಲಿ ನಮ್ಮ ತಕರಾರಿಲ್ಲ. ಆದರೆ ಮನುಷ್ಯರಾದ ಹಕೀಮರು ಏನು ಕಲಿತಿದ್ದಾರೆ, ಯಾರ ಮೇಲೆ ಕಲಿತರು, ಕಲಿತದ್ದು ಯಾರಿಗೆ ಸಿಕ್ಕುತ್ತಿದೆ ಎಂಬ ಲೆಕ್ಕವನ್ನು ನಾವು ಕೇಳಲೇಬೇಕು.

ಯಂತ್ರದಂಥ ಕೀಲು

ಮಂಡಿ ಒಂದು ಯಂತ್ರ. ಮೇಲೆ ತೊಡೆಯ ಮೂಳೆ, ಕೆಳಗೆ ಕಣಕಾಲಿನ ಮೂಳೆ, ಮುಂದೆ ಚಿಪ್ಪು. ಮೂಳೆಯ ತುದಿಗಳಿಗೆ ನುಣುಪಾದ ಮೆದುಮೂಳೆಯ ಹೊದಿಕೆ. ಎರಡು ಮೂಳೆಗಳ ನಡುವೆ ಅರ್ಧಚಂದ್ರದ ಆಕಾರದ ಎರಡು ಮೆತ್ತೆಗಳು. ಕೀಲು ಜಾರದಂತೆ ಬಿಗಿಹಿಡಿಯಲು ನಾಲ್ಕು ಮುಖ್ಯ ಕಟ್ಟುಗಳು. ಒಳಗೆ ಎಣ್ಣೆಯ ಹಾಗೆ ಒಂದು ದ್ರವ. ಮಿಲ್ಲಿನ ಬಂಧುಗಳಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ. ಬೇರಿಂಗು ಹೇಗೆ ಸವೆಯುತ್ತದೆಂಬುದನ್ನು ಡಾಕ್ಟರಿಗೆ ಮೊದಲೇ ನೀವು ಬಲ್ಲಿರಿ.

ಸಮನೆಲದಲ್ಲಿ ನಡೆಯುವಾಗ ಮಂಡಿಯ ಮೇಲೆ ಬೀಳುವ ಭಾರ ಮೈತೂಕದ ಸುಮಾರು ಎರಡೂವರೆ ಪಟ್ಟು; ಮೆಟ್ಟಿಲು ಇಳಿಯುವಾಗ ಮೂರು ಪಟ್ಟಿಗೂ ಹೆಚ್ಚು. ಬೆನ್ನ ಮೇಲೆ ಮೂಟೆ ಇದ್ದರೆ ಗುಣಾಕಾರ ನೀವೇ ಮಾಡಿಕೊಳ್ಳಿ. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನ ಜನರನ್ನು 1948ರಿಂದ ವೈದ್ಯರು ತಲೆಮಾರುಗಟ್ಟಲೆ ಪರೀಕ್ಷೆ ಮಾಡುತ್ತ ಬಂದರು. 1991ರಲ್ಲಿ ಅವರು ಪ್ರಕಟಿಸಿದ ವರದಿಯೊಂದರಲ್ಲಿ, ಮಂಡಿ ಬಗ್ಗಿಸಿ ಮೈಮುರಿದು ದುಡಿಯುವ ಕಸುಬಿನ ಗಂಡಸರಲ್ಲಿ ಮುಂದೆ ಮಂಡಿ ಸವೆತ ಹೆಚ್ಚು ಎಂಬುದು ಸಿದ್ಧವಾಯಿತು. ಎಂದರೆ ಮಂಡಿನೋವು ಬರೀ ವಯಸ್ಸಿನ ಕೊಡುಗೆಯಲ್ಲ, ಹಣೆಬರಹವೂ ಅಲ್ಲ. ಅದರಲ್ಲಿ ದುಡಿಮೆಯ ಪಾಲಿದೆ.

ಈ ಪಾಲನ್ನು ಬೇರೆ ದೇಶ ಒಪ್ಪಿಕೊಂಡಿದೆ. ಬ್ರಿಟನ್ನಿನಲ್ಲಿ 2009ರಲ್ಲಿ ಕಲ್ಲಿದ್ದಲು ಗಣಿಯ ಕೆಲಸಗಾರರ ಮಂಡಿ ಸವೆತವನ್ನು ಕಸುಬಿನ ರೋಗಗಳ ಪಟ್ಟಿಗೆ ಸೇರಿಸಿದರು. 2012ರಲ್ಲಿ ನೆಲಕ್ಕೆ ಜಮಖಾನೆ ಹಾಸುವ ಕೆಲಸಗಾರರನ್ನೂ ಸೇರಿಸಿದರು. ಮಂಡಿಯೂರಿ ದುಡಿದವನಿಗೆ ಅಲ್ಲಿ ಪರಿಹಾರ ಕೇಳುವ ಹಕ್ಕು ಬಂತು. ನಮ್ಮಲ್ಲಿ 1923ರ ನಷ್ಟಪರಿಹಾರ ಕಾನೂನಿನ ಕಸುಬಿನ ರೋಗಗಳ ಪಟ್ಟಿಯಲ್ಲಿ ಮಂಡಿ ಸವೆತಕ್ಕೆ ಜಾಗ ಸಿಕ್ಕಲಿಲ್ಲ. ಹಮಾಲಿಯ ಮಂಡಿ ಸವೆದರೆ ಅದು ಅವನ ಸ್ವಂತ ಸಂಗತಿ. ಮೂಟೆ ಮಾತ್ರ ಸಾಹುಕಾರರ ಸಂಗತಿ!

ಮಗ್ಗದ ಚಕ್ರದಿಂದ ಬಂದ ಮಂಡಿ

ಮಂಡಿಯ ಶಸ್ತ್ರಚಿಕಿತ್ಸೆ ಆಕಾಶದಿಂದ ಉದುರಿದ ವಿದ್ಯೆಯಲ್ಲ. ಅದು ಬೆಳೆದ ಬಗೆಯನ್ನು ಕೇಳಿದರೆ ಅದರಲ್ಲಿ ನಿಮ್ಮಂಥವರ ಕೈ ಎಷ್ಟಿದೆಯೆಂದು ತಿಳಿಯುತ್ತದೆ.

ನಮ್ಮ ಹಾಗೆಯೇ ನೆಲದ ಮೇಲೆ ಕೂರುವ ಜನ ಜಪಾನಿನವರು. ಕ್ಷಯ ತಗುಲಿ ಮಂಡಿ ಮಡಿಸಲಾಗದೆ ಹೋದರೆ ಅವರಿಗೆ ಮನೆಯಲ್ಲಿ ಕೂರುವುದಕ್ಕೇ ಸಂಕಟ. ಆದುದರಿಂದ ಮಂಡಿಯೊಳಗೆ ಇಣುಕಿ ನೋಡಿ ರೋಗವನ್ನು ಬೇಗ ಹಿಡಿಯಬೇಕೆಂದು 1918ರಲ್ಲಿ ಟೋಕಿಯೋದ ಕೆಂಜಿ ತಕಾಗಿ ಎಂಬ ವೈದ್ಯರು ಯತ್ನ ಮಾಡಿದರು. ಮೂತ್ರಕೋಶ ನೋಡುವ ದುರ್ಬೀನನ್ನು ಶವವೊಂದರ ಮಂಡಿಗೆ ಇಳಿಸಿ ನೋಡಿದರು. ಅವರ ಶಿಷ್ಯ ಮಸಾಕಿ ವತಾನಬೆ ಆ ಸಲಕರಣೆಯನ್ನು ಹತ್ತಾರು ಸಲ ತಿದ್ದಿ, 1962ರಲ್ಲಿ ಅದರ ಸಹಾಯದಿಂದಲೇ ಹರಿದ ಮೆತ್ತೆಯ ತುಂಡನ್ನು ಕತ್ತರಿಸಿ ತೆಗೆದರು. ಮಂಡಿಯನ್ನು ಅಗಲವಾಗಿ ಕೊಯ್ಯುವುದು ತಪ್ಪಿತು. ಆ ದುರ್ಬೀನಿಗೆ ಆರ್ತ್ರೋಸ್ಕೋಪ್ ಎಂದು ಹೆಸರು. 1964ರಲ್ಲಿ ಕೆನಡಾದ ರಾಬರ್ಟ್ ಜಾಕ್ಸನ್ ಎಂಬ ವೈದ್ಯರು ಟೋಕಿಯೋಗೆ ಹೋಗಿ ವತಾನಬೆಯವರ ಪಕ್ಕದಲ್ಲಿ ನಿಂತು ಇದನ್ನು ಕಲಿತು, ತಮ್ಮ ದೇಶದಲ್ಲಿ ಕಲಿಸಿದರು. ಪಶ್ಚಿಮದವರೇ ಪೂರ್ವಕ್ಕೆ ಬಂದು ಶಿಷ್ಯವೃತ್ತಿ ಮಾಡಿದ ವಿದ್ಯೆ ಇದು.

ಪೂರ್ತಿ ಸವೆದ ಕೀಲನ್ನು ಬದಲಿಸುವ ಕತೆ ಇನ್ನೂ ಸ್ವಾರಸ್ಯದ್ದು. ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್ಲಿ ಎಂಬ ವೈದ್ಯರು ಮೊದಲು ಸೊಂಟದ ಕೀಲನ್ನು ಬದಲಿಸಲು ಹೊರಟರು. ಟೆಫ್ಲಾನಿನ ಬಟ್ಟಲು ಹಾಕಿದರು. ಮೂರು ವರ್ಷದೊಳಗೆ ಅದು ಸವೆದು ಪುಡಿಯಾಯಿತು. ರೋಗಿಗಳನ್ನು ಮತ್ತೆ ಕೊಯ್ಯಬೇಕಾಯಿತು. ಆ ಪುಡಿ ಏನು ಮಾಡುತ್ತದೆಂದು ತಿಳಿಯಲು ಚಾರ್ನ್ಲಿಯವರು ತಮ್ಮ ತೊಡೆಗೇ ಅದನ್ನು ಸೇರಿಸಿಕೊಂಡು ನೋಡಿದರು. ಹೀಗಿರುವಲ್ಲಿ 1962ರಲ್ಲಿ ಒಬ್ಬ ಮಾರಾಟಗಾರ ಆಸ್ಪತ್ರೆಗೆ ಬಂದ. ಲ್ಯಾಂಕಾಷೈರಿನ ಬಟ್ಟೆ ಮಿಲ್ಲುಗಳ ಮಗ್ಗಕ್ಕೆ ಪ್ಲಾಸ್ಟಿಕ್ಕಿನ ಹಲ್ಲುಚಕ್ರ ಮಾರುವವನು ಅವನು. ಆಸ್ಪತ್ರೆಯ ಕಾರ್ಯಾಗಾರದಲ್ಲಿ ಲೇತು ನಡೆಸುತ್ತಿದ್ದ ಹ್ಯಾರಿ ಕ್ರೇವನ್ ಎಂಬ ಕುಶಲಕರ್ಮಿ ಆ ಪ್ಲಾಸ್ಟಿಕ್ಕಿನ ತುಂಡನ್ನು ಇಸಿದುಕೊಂಡು ಸವೆತದ ಯಂತ್ರಕ್ಕೆ ಹಾಕಿದ. ಚಾರ್ನ್ಲಿಯವರು ಉಗುರಿನಿಂದ ಒತ್ತಿ ನೋಡಿ, ಇದು ಪ್ರಯೋಜನವಿಲ್ಲವೆಂದು ಹೇಳಿ ಹೊರಟುಹೋದರು. ಕ್ರೇವನ್ ಮಾತ್ರ ಯಂತ್ರವನ್ನು ನಿಲ್ಲಿಸಲಿಲ್ಲ. ಟೆಫ್ಲಾನು ಒಂದು ದಿನದಲ್ಲಿ ಸವೆಯುವಷ್ಟು ಇದು ಮೂರು ವಾರವಾದರೂ ಸವೆದಿರಲಿಲ್ಲ. ಆ ವರ್ಷದ ನವೆಂಬರಿನಿಂದ ಅದೇ ಪ್ಲಾಸ್ಟಿಕ್ಕು ರೋಗಿಗಳ ಸೊಂಟಕ್ಕೆ ಬಂತು. ಅದೇ ಆಸ್ಪತ್ರೆಯಲ್ಲಿ ಕೆನಡಾದ ಫ್ರಾಂಕ್ ಗನ್‌ಸ್ಟನ್ ಎಂಬುವರು ಅದನ್ನು ಮಂಡಿಗೆ ಅಳವಡಿಸಿದರು. ನ್ಯೂಯಾರ್ಕಿನಲ್ಲಿ ಜಾನ್ ಇನ್ಸಾಲ್, ನಮ್ಮ ದೇಶದಲ್ಲಿ ಹುಟ್ಟಿ ಇಂದೋರಿನಲ್ಲಿ ಓದಿದ ಚಿತ್ತರಂಜನ್ ರಣಾವತ್, ಎಂಜಿನಿಯರ್ ಪೀಟರ್ ವಾಕರ್ ಇವರು ಕೂಡಿ ರೂಪಿಸಿದ ಕೃತಕ ಮಂಡಿ 1974ರಲ್ಲಿ ಬಳಕೆಗೆ ಬಂತು. ಇಂದಿನ ಕೃತಕ ಮಂಡಿಗಳೆಲ್ಲ ಬಹುಮಟ್ಟಿಗೆ ಅದರ ಸಂತಾನ. 2000 ಮತ್ತು 2001ರಲ್ಲಿ ಪ್ರಧಾನಿ ವಾಜಪೇಯಿಯವರ ಎರಡು ಮಂಡಿಗಳನ್ನೂ ಮುಂಬಯಿಯಲ್ಲಿ ಬದಲಿಸಿದವರು ಇದೇ ರಣಾವತ್.

ಬಂಧುಗಳೇ, ಮಗ್ಗದ ಹಲ್ಲುಚಕ್ರದ ಪ್ಲಾಸ್ಟಿಕ್ಕು ಪ್ರಧಾನಿಯವರ ಮಂಡಿಯವರೆಗೆ ಹೋಯಿತು. ಮಗ್ಗ ನಡೆಸಿದವನ ಮಂಡಿಗೆ ಅದು ಬರುವುದಕ್ಕೆ ಎಷ್ಟು ಕಾಲ ಬೇಕು? ನಮ್ಮ ಪ್ರಶ್ನೆ ಇಷ್ಟೇ.

ಕೊಯ್ಯಬಾರದೆಂದು ಹೇಳಿದ ಸಂಶೋಧನೆ

ಹಾಗೆಂದು, ನೋಯುವ ಮಂಡಿಯನ್ನೆಲ್ಲ ಕೊಯ್ಯಬೇಕೆಂದು ನಾವು ಹೇಳುತ್ತಿಲ್ಲ. ಎಲ್ಲಿ ಕೊಯ್ಯಬಾರದು ಎಂಬುದನ್ನೂ ಒಳ್ಳೆಯ ಸಂಶೋಧನೆ ಹೇಳುತ್ತದೆ. ಬಡವನ ಗಂಟು ಉಳಿಸುವುದು ಆ ಭಾಗವೇ.

ಅಮೆರಿಕದ ಹ್ಯೂಸ್ಟನ್ನಿನಲ್ಲಿ ಮಾಜಿ ಸೈನಿಕರ ಆಸ್ಪತ್ರೆಯೊಂದುಂಟು. ಅಲ್ಲಿ ಮಂಡಿ ಸವೆದ 180 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ದುರ್ಬೀನು ಹಾಕಿ ಮಂಡಿ ತೊಳೆದರು. ಎರಡನೆಯದಕ್ಕೆ ತೊಳೆದು, ಕೆರೆದು ನಯ ಮಾಡಿದರು. ಮೂರನೆಯ ಗುಂಪಿಗೆ ಚರ್ಮದ ಮೇಲೆ ಗೀರು ಹಾಕಿ ಹೊಲಿದರು, ಒಳಗೆ ಏನೂ ಮಾಡಲಿಲ್ಲ. ತಾವು ಯಾವ ಗುಂಪೆಂದು ರೋಗಿಗಳಿಗೆ ಗೊತ್ತಿಲ್ಲ. ಇದು ಮೋಸವಲ್ಲ, ಬರೀ ಗೀರು ಬಿದ್ದೀತೆಂದು ಮೊದಲೇ ತಿಳಿಸಿ, ಅವರ ಕೈಯಿಂದಲೇ ಬರೆಸಿಕೊಂಡಿದ್ದರು. ಎರಡು ವರ್ಷ ನೋಡಿದರು. ನೋವಿನಲ್ಲಾಗಲಿ ನಡಿಗೆಯಲ್ಲಾಗಲಿ ಮೂರು ಗುಂಪಿಗೂ ವ್ಯತ್ಯಾಸವಿಲ್ಲ! 2002ರಲ್ಲಿ ಇದು ಪ್ರಕಟವಾದಾಗ ವೈದ್ಯಲೋಕ ತಲ್ಲಣಿಸಿತು. 2013ರಲ್ಲಿ ಫಿನ್ಲೆಂಡಿನವರು 146 ಮಂದಿಯ ಮೇಲೆ, ವಯಸ್ಸಿನಿಂದ ಹರಿದ ಮೆತ್ತೆಯನ್ನು ಕತ್ತರಿಸುವುದರ ವಿಷಯವಾಗಿ ಇಂಥದೇ ಪರೀಕ್ಷೆ ನಡೆಸಿದರು. ಒಂದು ವರ್ಷದ ಬಳಿಕ ಅಲ್ಲಿಯೂ ವ್ಯತ್ಯಾಸ ಕಾಣಲಿಲ್ಲ. 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ತಜ್ಞರ ಮಂಡಲಿಯೊಂದು, ಸವೆದ ಮಂಡಿಗೆ ದುರ್ಬೀನಿನ ಶಸ್ತ್ರಚಿಕಿತ್ಸೆ ಹೆಚ್ಚುಕಡಿಮೆ ಯಾರಿಗೂ ಬೇಡವೆಂದು ಸಲಹೆ ಕೊಟ್ಟಿತು.

ಇಷ್ಟಾದರೂ ನಡೆಯುವುದೇನು? ನಮಗೆ ಬಲ್ಲವರಾದ ಒಬ್ಬ ಮಿಲ್ ಕಾರ್ಮಿಕರಿದ್ದಾರೆ. ವಯಸ್ಸು ಐವತ್ತು ದಾಟಿದೆ. ಸವೆದ ಮಂಡಿಯನ್ನು ತೊಳೆದರೆ ಹೊಸದಾಗುತ್ತದೆಂದು ಒಂದು ಕಡೆ ಹೇಳಿದರು. ಇವರು ಸಾಲ ಎತ್ತಿದರು, ಹೆಂಡತಿಯ ಓಲೆ ಅಡವಿಟ್ಟರು. ಆರು ತಿಂಗಳಿಗೆ ನೋವು ಹಿಂದಕ್ಕೆ ಬಂತು, ಓಲೆ ಮಾತ್ರ ಬರಲಿಲ್ಲ. ಊರಿನ ಹೆಸರು, ಆಸ್ಪತ್ರೆಯ ಹೆಸರು ನಾವು ಹೇಳುವುದಿಲ್ಲ. ಒಬ್ಬರನ್ನು ಬೈಯುವುದರಿಂದ ಫಲವಿಲ್ಲ. ತಿಳಿವಳಿಕೆ ಎಲ್ಲರಿಗೂ ಬರಬೇಕು.

ಇದನ್ನು ತಪ್ಪಾಗಿ ತಿಳಿಯಬೇಡಿ. ಹರೆಯದವರಿಗೆ ಆಟದಲ್ಲೋ ಅಪಘಾತದಲ್ಲೋ ಕಟ್ಟು ಹರಿದರೆ, ಮೂಳೆ ಮುರಿದರೆ, ಮೆತ್ತೆಯ ತುಂಡು ಸಿಕ್ಕಿಕೊಂಡು ಮಂಡಿ ಬೀಗ ಹಾಕಿದಂತೆ ನಿಂತರೆ, ಕೀವು ತುಂಬಿ ಜ್ವರ ಬಂದರೆ ತಡ ಮಾಡದೆ ಡಾಕ್ಟರಲ್ಲಿಗೆ ಹೋಗಬೇಕು. ಆಗ ಎಣ್ಣೆ ತಿಕ್ಕುತ್ತ ಕೂರುವುದು ಅಪಾಯ. ಪೂರ್ತಿ ಸವೆದ ಮಂಡಿಗೆ ಕೃತಕ ಮಂಡಿ ನಿಜವಾಗಿ ಉಪಕಾರಿ. 2015ರಲ್ಲಿ ಡೆನ್ಮಾರ್ಕಿನವರು 100 ರೋಗಿಗಳನ್ನು ಎರಡು ಪಾಲು ಮಾಡಿದರು. ಒಂದು ಪಾಲಿಗೆ ಮಂಡಿ ಬದಲಾಯಿಸಿ ವ್ಯಾಯಾಮವನ್ನೂ ಹೇಳಿಕೊಟ್ಟರು. ಇನ್ನೊಂದಕ್ಕೆ ವ್ಯಾಯಾಮ, ಪಥ್ಯ, ಔಷಧಿ ಮಾತ್ರ. ಒಂದು ವರ್ಷದಲ್ಲಿ ಬದಲಾಯಿಸಿಕೊಂಡವರ ನೋವು ಹೆಚ್ಚು ತಗ್ಗಿತು. ಗಂಭೀರ ತೊಡಕುಗಳೂ ಅವರಲ್ಲಿಯೇ ಹೆಚ್ಚು. ಆದರೆ ವ್ಯಾಯಾಮದ ಪಾಲಿನ 50 ಮಂದಿಯಲ್ಲಿ ಆ ವರ್ಷ ಶಸ್ತ್ರಚಿಕಿತ್ಸೆ ಬೇಕಾದದ್ದು 13 ಮಂದಿಗೆ ಮಾತ್ರ. ಮಿಕ್ಕವರು ಕಾಯುವುದಕ್ಕೆ ಸಾಧ್ಯವಾಯಿತು. ಬೇಕಾದವನಿಗೆ ಕೃತಕ ಮಂಡಿ ಸಿಕ್ಕಬೇಕು, ಬೇಡದವನ ಮೇಲೆ ಅದನ್ನು ಹೇರಬಾರದು. ನ್ಯಾಯ ಇದರಲ್ಲಿದೆ.

ಕೈ ಕಲಿಯುವುದು ಯಾರ ಮೇಲೆ?

ಈಗ ಬಹಳ ಮುಖ್ಯವಾದ ಮಾತಿಗೆ ಬರುತ್ತೇವೆ. ಪುಸ್ತಕ ಓದಿದ ಮಾತ್ರಕ್ಕೆ ಯಾರೂ ನೇಕಾರನಾಗುವುದಿಲ್ಲ. ನೂಲು ಕಡಿದು, ಬಟ್ಟೆ ಕೆಡಿಸಿ, ಬೈಸಿಕೊಂಡು ಕೈ ಪಳಗಬೇಕು. ಶಸ್ತ್ರವೈದ್ಯನ ಕೈಯೂ ಹಾಗೆಯೇ. ಆದರೆ ಕೆಟ್ಟ ಬಟ್ಟೆಯನ್ನು ಬದಿಗೆ ಎಸೆಯಬಹುದು, ಕೆಟ್ಟ ಮಂಡಿಯನ್ನು ಎಸೆಯುವ ಹಾಗಿಲ್ಲ. ಹಾಗಾದರೆ ಕಲಿಯುವ ವೈದ್ಯನ ಮೊದಲ ತಪ್ಪುಗಳು ಎಲ್ಲಿ ಆಗಬೇಕು?

ನಮ್ಮ ಪೂರ್ವಿಕರು ಇದನ್ನು ಯೋಚಿಸಿದ್ದರು. ಸುಶ್ರುತನ ವೈದ್ಯಗ್ರಂಥದಲ್ಲಿ ಶಿಷ್ಯರ ಅಭ್ಯಾಸಕ್ಕೇ ಒಂದು ಅಧ್ಯಾಯವಿದೆ. ಕೊಯ್ಯುವುದನ್ನು ಸೋರೆಕಾಯಿ, ಸೌತೆಕಾಯಿ, ಕಲ್ಲಂಗಡಿಗಳ ಮೇಲೆ ಕಲಿಯಬೇಕು. ಸೀಳುವುದನ್ನು ಕೆಸರುನೀರು ತುಂಬಿದ ತೊಗಲ ಚೀಲದ ಮೇಲೆ. ನಾಳ ಚುಚ್ಚುವುದನ್ನು ಸತ್ತ ಪ್ರಾಣಿಯ ನಾಳದಲ್ಲಿಯೂ ತಾವರೆಯ ದಂಟಿನಲ್ಲಿಯೂ. ಪಟ್ಟಿ ಕಟ್ಟುವುದನ್ನು ಮನುಷ್ಯಾಕಾರದ ಬೊಂಬೆಯ ಮೇಲೆ. ಶಾಸ್ತ್ರವನ್ನೆಲ್ಲ ಓದಿದ್ದರೂ ಈ ಅಭ್ಯಾಸವಿಲ್ಲದವನು ಕೆಲಸಕ್ಕೆ ಅನರ್ಹನೆಂಬುದು ಅಲ್ಲಿಯ ನಿಲುವು.

ದುರ್ಬೀನಿನ ಕೆಲಸದಲ್ಲಿ ಇದು ಇನ್ನೂ ಕಷ್ಟ. ಕಣ್ಣು ಪರದೆಯ ಮೇಲೆ, ಒಂದು ಕೈಯಲ್ಲಿ ದುರ್ಬೀನು, ಇನ್ನೊಂದು ಕೈಯಲ್ಲಿ ಕತ್ತರಿ; ಕೆಲಸ ನಡೆಯುವುದು ಕಾಣದ ಜಾಗದಲ್ಲಿ. ಕನ್ನಡಿ ನೋಡಿಕೊಂಡು ಸೂಜಿಗೆ ದಾರ ಪೋಣಿಸಿದ ಹಾಗೆ. 2008ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನವರು ಒಂದು ಪರೀಕ್ಷೆಯ ಫಲ ಪ್ರಕಟಿಸಿದರು. ಕಲಿಯುತ್ತಿದ್ದ 20 ಮಂದಿ ವೈದ್ಯರಲ್ಲಿ ಒಂದು ಪಾಲಿಗೆ ಕೃತಕ ಮಂಡಿಯ ಬೊಂಬೆಯ ಮೇಲೆ ಮೊದಲು ಅಭ್ಯಾಸ ಮಾಡಿಸಿದರು. ಮತ್ತೊಂದು ಪಾಲಿಗೆ ಮಾಡಿಸಲಿಲ್ಲ. ಆಮೇಲೆ ಎಲ್ಲರನ್ನೂ ನಿಜವಾದ ಶಸ್ತ್ರಚಿಕಿತ್ಸೆಯಲ್ಲಿ ನಿಲ್ಲಿಸಿ, ಯಾರು ಯಾವ ಪಾಲೆಂದು ತಿಳಿಯದ ಹಿರಿಯರಿಂದ ಅಂಕ ಹಾಕಿಸಿದರು. ಬೊಂಬೆಯ ಮೇಲೆ ಪಳಗಿದವರ ಕೈ ಸ್ಪಷ್ಟವಾಗಿ ಮೇಲಾಗಿತ್ತು. ಮೊದಲ ತಪ್ಪುಗಳು ಬೊಂಬೆಯ ಮೇಲೆ ಆದವು; ಮನುಷ್ಯನ ಮಂಡಿ ಉಳಿಯಿತು.

ನಮ್ಮ ಸೀಮೆಯ ಸಂಗತಿ ನೋಡೋಣ. ಮೈಸೂರು ಮೆಡಿಕಲ್ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ 1930ರಲ್ಲಿ ಮೈಸೂರಿಗೆ ಬಂತು. ಅದರ ವಿದ್ಯಾರ್ಥಿಗಳ ಪಾಠಶಾಲೆಯೇ ದೊಡ್ಡಾಸ್ಪತ್ರೆ. ಮೂಳೆ ವೈದ್ಯರಾಗುವವರು ಮೂರು ವರ್ಷ ಎಂ.ಎಸ್. ವ್ಯಾಸಂಗ ಮಾಡುತ್ತಾರೆ; ಆ ಮೂರು ವರ್ಷ ಇಂಥ ಆಸ್ಪತ್ರೆಗಳಲ್ಲಿ ಹಾಸಿಗೆ ಹಿಡಿದಿರುವವರು ಯಾರು? ನಂಜನಗೂಡಿನ ಕಾರ್ಮಿಕ, ನರಸೀಪುರದ ಗೇಣಿದಾರ, ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿ. ಸತ್ತ ಮೇಲೆಯೂ ಈ ಪಾಠ ಮುಗಿಯುವುದಿಲ್ಲ. 1957ರ ಅಂಗರಚನಾ ಕಾನೂನಿನ ಪ್ರಕಾರ ವಾರಸುದಾರರಿಲ್ಲದ ಶವಗಳು ಮೆಡಿಕಲ್ ಕಾಲೇಜಿಗೆ ಸಲ್ಲುತ್ತವೆ. ವಾರಸುದಾರರಿಲ್ಲದೆ ಸಾಯುವವರು ಸಾಹುಕಾರರಲ್ಲ. ಬೀದಿಯ ಬದಿಯಲ್ಲಿ, ಬಸ್ ನಿಲ್ದಾಣದಲ್ಲಿ ಸತ್ತ ಅನಾಮಧೇಯ ದುಡಿಮೆಗಾರರೇ ಎಷ್ಟೋ ಡಾಕ್ಟರರ ಮೊದಲ ಗುರುಗಳು. ಬದುಕಿದ್ದಾಗ ಮಜೂರಿ, ಸತ್ತ ಮೇಲೆ ಮೇಷ್ಟರಿಕೆ, ಎರಡಕ್ಕೂ ಸಂಬಳವಿಲ್ಲ.

ಇದನ್ನು ನಾವು ಆಕ್ಷೇಪಣೆಯಾಗಿ ಹೇಳುತ್ತಿಲ್ಲ. ಕಲಿಯುವವರು ಇರಬೇಕು, ಕಲಿಸುವ ಆಸ್ಪತ್ರೆ ಇರಬೇಕು. ಹಗಲಿರುಳು ನಿದ್ದೆಗೆಟ್ಟು ಸರ್ಕಾರಿ ಆಸ್ಪತ್ರೆಯಲ್ಲಿ ದುಡಿಯುವ ಕಿರಿಯ ವೈದ್ಯರೂ ದುಡಿಮೆಗಾರರೇ. ಹಿರಿಯ ವೈದ್ಯರು ಪಕ್ಕದಲ್ಲಿ ನಿಂತಿರುವ ಕಡೆ ಕಿರಿಯರ ಕೈಯಿಂದ ಚಿಕಿತ್ಸೆ ಪಡೆಯಲು ಹೆದರಬೇಕಾಗಿಲ್ಲ. ನಮ್ಮ ಮಾತು ಬೇರೆ. ವಿದ್ಯೆ ಬೆಳೆಯಲು ಮೈ ಕೊಟ್ಟವರು ಆ ವಿದ್ಯೆಯ ಪಾಲುದಾರರು. ಬಂಡವಾಳ ಹಾಕಿದವನಿಗೆ ಲಾಭದಲ್ಲಿ ಪಾಲಿದೆಯೆಂದು ಯಾವ ವರ್ತಕರನ್ನು ಕೇಳಿದರೂ ಹೇಳುತ್ತಾರೆ. ಇಲ್ಲಿ ಮೈಯೇ ಬಂಡವಾಳ.

ಸಂಶೋಧನೆ ಬಂದು ಹೋದ ಊರು

ಈ ಪಾಲು ಸಿಕ್ಕದಿದ್ದರೆ ಏನಾಗುತ್ತದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಉದಾಹರಣೆಯಿದೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ ಹಂದಿಗೋಡು ಎಂಬ ಹಳ್ಳಿ. 1970ರ ದಶಕದ ನಡುವೆ ಅಲ್ಲಿಯ ಚನ್ನಂಗಿ ಮತ್ತು ಛಲವಾದಿ ಕುಟುಂಬಗಳಲ್ಲಿ ಸೊಂಟದ ಮತ್ತು ಮಂಡಿಯ ಕೀಲುಗಳನ್ನು ಕಚ್ಚುವ ಒಂದು ವ್ಯಾಧಿ ಹೊರಗಿನವರ ಗಮನಕ್ಕೆ ಬಂತು. ಗದ್ದೆ ಕೂಲಿಯಿಂದ ಬದುಕುವ ಜನ. ಕೆಲವರು ಕೋಲೂರಿ ನಡೆದರು, ಕೆಲವರು ತೆವಳಿದರು. ಅದಕ್ಕೆ ಹಂದಿಗೋಡು ರೋಗವೆಂದೇ ಹೆಸರಾಯಿತು. ವೈದ್ಯ ಸಂಶೋಧನಾ ಮಂಡಲಿಯ ತಜ್ಞರು ಬಂದರು, ರಕ್ತ ತೆಗೆದರು, ಕ್ಷಕಿರಣ ಚಿತ್ರ ತೆಗೆದರು, ವಂಶವೃಕ್ಷ ಬರೆದರು. ಇದು ತಲೆಮಾರಿನಿಂದ ತಲೆಮಾರಿಗೆ ಇಳಿಯುವ, ಮೂಳೆಯ ಬೆಳವಣಿಗೆಯ ರೋಗವೆಂದು ಬರೆದು ಪ್ರಕಟಿಸಿದರು. ಜ್ಞಾನ ಬೆಳೆಯಿತು, ಅದು ಬೇಕಾಗಿತ್ತು. ಆದರೆ ವರದಿಯಿಂದ ಕೀಲು ನೆಟ್ಟಗಾಗುವುದಿಲ್ಲ. ರೋಗಿಯ ರಕ್ತದ ಜೊತೆಗೆ ಅವನ ಔಷಧಿ, ಕೃತಕ ಕೀಲು, ಪಿಂಚಣಿ, ಮಕ್ಕಳ ಭವಿಷ್ಯ ಇವೂ ಸಂಶೋಧನೆಯ ಖರ್ಚಿನ ಪಟ್ಟಿಯಲ್ಲಿ ಇರತಕ್ಕದ್ದು.

ಬೆಲೆಯ ಲೆಕ್ಕ

ಇನ್ನು ವರ್ತಕ ಮಿತ್ರರಿಗೆ ಚೆನ್ನಾಗಿ ಅರ್ಥವಾಗುವ ಮಾತು. 2017ರ ಆಗಸ್ಟ್ 16ರಂದು ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಕೃತಕ ಮಂಡಿಗೆ ಗರಿಷ್ಠ ಬೆಲೆ ಗೊತ್ತುಮಾಡಿತು. ಆಗ ಆ ಖಾತೆಯ ಮಂತ್ರಿಗಳಾಗಿದ್ದವರು ನಮ್ಮ ರಾಜ್ಯದ ಅನಂತಕುಮಾರರು. ಹೆಚ್ಚಾಗಿ ಬಳಕೆಯಲ್ಲಿದ್ದ ಕೋಬಾಲ್ಟ್ ಕ್ರೋಮಿಯಂ ಮಂಡಿಯ ಸರಾಸರಿ ಮಾರಾಟ ಬೆಲೆ 1,58,324 ರೂಪಾಯಿ ಇತ್ತು. ತೆರಿಗೆ ಬಿಟ್ಟು 54,720 ರೂಪಾಯಿ ಎಂದು ಕಟ್ಟು ಮಾಡಿದರು. ಟೈಟಾನಿಯಂ ಮುಂತಾದ ವಿಶೇಷ ಲೋಹದ್ದು 2,49,251ರಿಂದ 76,600ಕ್ಕೆ ಇಳಿಯಿತು.

ಮಿತ್ರರೇ, ಒಂದು ರಾತ್ರಿಯಲ್ಲಿ ಲೋಹ ಅಗ್ಗವಾಯಿತೆ? ಕಾರ್ಖಾನೆ ಬದಲಾಯಿತೆ? ಇಲ್ಲ. ಒಂದೂವರೆ ಲಕ್ಷದ ಸಾಮಾನನ್ನು ಮೂರನೆಯ ಒಂದು ಬೆಲೆಗೆ ಮಾರಲು ಸಾಧ್ಯವಿದ್ದರೆ, ಮಿಕ್ಕ ಎರಡು ಪಾಲು ಎಲ್ಲಿಗೆ ಹೋಗುತ್ತಿತ್ತು? ನೀವು ಅಕ್ಕಿಯ ಮೇಲೆ ಕಿಲೋಗೆ ಒಂದು ರೂಪಾಯಿ ಹೆಚ್ಚು ಇಟ್ಟರೆ ಗಿರಾಕಿ ಎದುರಂಗಡಿಗೆ ಹೋಗುತ್ತಾನೆ. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿದವನು ಯಾವ ಅಂಗಡಿಗೆ ಹೋದಾನು? ಚೌಕಾಸಿ ಮಾಡಲಾಗದ ವ್ಯಾಪಾರದಲ್ಲಿ ಸರ್ಕಾರದ ತಕ್ಕಡಿ ಬೇಕೇ ಬೇಕು. ಅದು ಸಾಧ್ಯವೆಂಬುದಕ್ಕೆ 2017ರ ಆಜ್ಞೆಯೇ ಸಾಕ್ಷಿ. ಆದರೆ ಸಾಮಾನಿನ ಬೆಲೆ ಕಟ್ಟಿದರೆ ಸಾಲದು. ಕೊಠಡಿ, ಸಲಕರಣೆ, ಇತರೆ ಎಂದು ಬಿಲ್ಲಿನ ಬೇರೆ ಸಾಲುಗಳು ಉಬ್ಬದಂತೆಯೂ ನೋಡಬೇಕು.

ಬೆಲೆಯ ಜೊತೆಗೆ ಬಾಳಿಕೆಯ ಲೆಕ್ಕವೂ ಬೇಕು. ಸ್ವೀಡನ್ ದೇಶದವರು 1975ರಲ್ಲಿ ಒಂದು ಖಾತೆ ಪುಸ್ತಕ ತೆರೆದರು. ದೇಶದಲ್ಲಿ ಹಾಕಿದ ಒಂದೊಂದು ಕೃತಕ ಮಂಡಿಯನ್ನೂ ಅದರಲ್ಲಿ ಬರೆದರು: ಯಾವ ಆಸ್ಪತ್ರೆ, ಯಾವ ತಯಾರಿಕೆ, ಎಷ್ಟು ವರ್ಷ ಬಾಳಿತು, ಯಾವಾಗ ಮತ್ತೆ ಕೊಯ್ಯಬೇಕಾಯಿತು. ಕಳಪೆ ಮಾಲು ತಾನಾಗಿ ಸಿಕ್ಕಿಬಿತ್ತು. ಇಂಥ ಖಾತೆಗಳನ್ನು ಒಟ್ಟುಮಾಡಿ ನೋಡಿದ ಮೇಲೆಯೇ, ನೂರರಲ್ಲಿ ಸುಮಾರು 82 ಮಂಡಿಗಳು 25 ವರ್ಷ ಬಾಳುತ್ತವೆಂದು 2019ರಲ್ಲಿ ಲೋಕಕ್ಕೆ ತಿಳಿದದ್ದು. ಲೆಕ್ಕ ಬರೆಯದ ಅಂಗಡಿಯನ್ನು ನಂಬಬಾರದೆಂದು ನಿಮಗೆ ಹೇಳಿಕೊಡಬೇಕೆ?

ನಾವು ಮಾಡಬೇಕಾದದ್ದು

ಮೊದಲು ನಮ್ಮ ಕೈಯಲ್ಲಿರುವುದು. ಮೈತೂಕ ಹೆಚ್ಚಿರುವವರು ಒಂದು ಕಿಲೋ ಇಳಿಸಿದರೆ ಹೆಜ್ಜೆಹೆಜ್ಜೆಗೂ ಮಂಡಿಯ ಮೇಲೆ ನಾಲ್ಕು ಕಿಲೋ ಭಾರ ಇಳಿಯುತ್ತದೆಂದು 2005ರ ಒಂದು ಅಮೆರಿಕನ್ ಅಧ್ಯಯನ ತೋರಿಸಿತು. ತೊಡೆಯ ಮುಂಭಾಗದ ಸ್ನಾಯು ಬಲವಾದರೆ ಮಂಡಿಗೆ ಊರೆಗಂಬ ಸಿಕ್ಕಿದ ಹಾಗೆ. ಕುರ್ಚಿಯ ಮೇಲೆ ಕೂತು ಕಾಲನ್ನು ನೆಟ್ಟಗೆ ಚಾಚಿ, ಹತ್ತು ಎಣಿಸುವಷ್ಟು ಹಿಡಿದು ಇಳಿಸುವುದು; ಇದಕ್ಕೆ ಕಾಸು ಬೇಕಿಲ್ಲ. ನಿಂತೇ ದುಡಿಯುವವರಿಗೆ ಕೂರಲು ಅನುಕೂಲವಿರಬೇಕೆಂದು 1948ರ ಫ್ಯಾಕ್ಟರಿ ಕಾನೂನಿನಲ್ಲಿಯೇ ಬರೆಯಿತು. ಅಂಗಡಿ ನೌಕರರಿಗೆ ಕೂರುವ ಹಕ್ಕನ್ನು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕೊಟ್ಟವು. ಪಕ್ಕದ ರಾಜ್ಯಗಳಲ್ಲಿ ಆದದ್ದು ನಮ್ಮಲ್ಲಿ ಆಗಬಾರದೆ? ವರ್ತಕ ಮಿತ್ರರು ಕಾನೂನಿಗೆ ಕಾಯಬೇಕಾಗಿಲ್ಲ. ನಿಮ್ಮ ಅಂಗಡಿಯ ಹುಡುಗನಿಗೆ ನಾಳೆಯೇ ಒಂದು ಸ್ಟೂಲು ಹಾಕಿಸಿ.

ಡಾಕ್ಟರು ಆಪರೇಷನ್ ಎಂದಾಗ ಕೈಮುಗಿದು ಐದು ಪ್ರಶ್ನೆ ಕೇಳಿರಿ. ಒಂದು: ನನ್ನ ಮಂಡಿಗೆ ಆಗಿರುವುದು ಏಟೋ, ಸವೆತವೋ? ಎರಡು: ಮೂರು ತಿಂಗಳು ವ್ಯಾಯಾಮ ಮಾಡಿ ನೋಡಬಹುದೆ? ಮೂರು: ಕೊಯ್ಯುವವರು ಯಾರು, ಇಂಥವನ್ನು ಎಷ್ಟು ಮಾಡಿದ್ದಾರೆ, ಕಲಿಯುವವರಾದರೆ ಪಕ್ಕದಲ್ಲಿ ಯಾರು ನಿಲ್ಲುತ್ತಾರೆ? ನಾಲ್ಕು: ಆದಮೇಲೆ ಚಕ್ಕಂಬಕ್ಕಲ ಹಾಕಿ ಕೂರಲು, ಕುಕ್ಕರಗಾಲಲ್ಲಿ ಕೂರಲು, ಮೂಟೆ ಹೊರಲು ಆಗುತ್ತದೆಯೆ? ಐದು: ಒಟ್ಟು ಖರ್ಚೆಷ್ಟು, ಸರ್ಕಾರದ ಯೋಜನೆಯಲ್ಲಿ ಎಷ್ಟು ಸಿಕ್ಕುತ್ತದೆ? 2018ರಲ್ಲಿ ಆರೋಗ್ಯ ಕರ್ನಾಟಕ ಯೋಜನೆ ಬಂದು ಅದೇ ವರ್ಷ ಆಯುಷ್ಮಾನ್ ಭಾರತದ ಜೊತೆ ಕೂಡಿತು. ನೋಂದಾಯಿತ ಆಸ್ಪತ್ರೆಗಳಲ್ಲಿ ಆರೋಗ್ಯ ಮಿತ್ರ ಎಂಬ ಸಿಬ್ಬಂದಿ ಇರುತ್ತಾರೆ. ಪಡಿತರ ಚೀಟಿ ಹಿಡಿದು ಮೊದಲು ಅವರನ್ನು ಕಾಣಿರಿ, ಆಮೇಲೆ ಗಿರವಿ ಅಂಗಡಿಯ ಯೋಚನೆ ಮಾಡಿರಿ. ಈ.ಎಸ್.ಐ. ಚೀಟಿಯುಳ್ಳ ಕಾರ್ಮಿಕರು ಅದನ್ನು ಮರೆಯಬೇಡಿರಿ. ಅದು ಧರ್ಮವಲ್ಲ, ನಿಮ್ಮ ಸಂಬಳದಿಂದ ಮುರಿದ ದುಡ್ಡು. ಕೇಳುವುದು ಅವಿಧೇಯತೆಯಲ್ಲ. ಒಳ್ಳೆಯ ವೈದ್ಯರು ಕೇಳುವ ರೋಗಿಯನ್ನು ಮೆಚ್ಚುತ್ತಾರೆ.

ಕಡೆಯದಾಗಿ, ಒಟ್ಟಾಗಿ ಕೇಳಬೇಕಾದದ್ದು. ನಂಜನಗೂಡು, ನರಸೀಪುರ ಎರಡು ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಕೀಲಿನ ವ್ಯಾಯಾಮ ಕಲಿಸುವವರು ದಿನವೂ ಸಿಕ್ಕಬೇಕು. ಕೂಲಿ ಬಿಟ್ಟು ಮೈಸೂರಿಗೆ ಹೋಗುವ ಪಾಡು ತಪ್ಪಬೇಕು. ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲಿ ಕಿರಿಯ ವೈದ್ಯರ ಕೈ ಬೊಂಬೆಯ ಮೇಲೆ ಪಳಗಿದ ಹೊರತು ರೋಗಿಯ ಮಂಡಿಗೆ ಹೋಗಬಾರದು. ಅದಕ್ಕೆ ತಕ್ಕ ಅಭ್ಯಾಸಶಾಲೆಗೆ ಸರ್ಕಾರ ಹಣ ಕೊಡಬೇಕು. ಹಾಕಿದ ಪ್ರತಿಯೊಂದು ಕೃತಕ ಮಂಡಿಯ ಲೆಕ್ಕವನ್ನು ಬರೆದು ಪ್ರಕಟಿಸಬೇಕು. ಮೂಟೆ ಹೊರುವವರ, ಮಂಡಿಯೂರಿ ದುಡಿಯುವವರ ಸವೆತವನ್ನು ಕಸುಬಿನ ರೋಗವೆಂದು ಒಪ್ಪಬೇಕು. ಮಿಲ್ಲಿನವರು, ವರ್ತಕರು, ಹಮಾಲಿಗಳು ಒಂದೇ ಅರ್ಜಿಗೆ ರುಜು ಹಾಕಿದರೆ ಅದನ್ನು ಕಡತದಲ್ಲಿ ಮಲಗಿಸುವುದು ಸುಲಭವಲ್ಲ.

ಬಂಧುಗಳೇ, ಜಪಾನಿನ ಶವವೊಂದು, ಇಂಗ್ಲೆಂಡಿನ ಲೇತು ಕೆಲಸಗಾರನೊಬ್ಬ, ಹ್ಯೂಸ್ಟನ್ನಿನ ಮಾಜಿ ಸೈನಿಕರು, ಹಂದಿಗೋಡಿನ ಕೂಲಿಗಳು, ನಮ್ಮ ದೊಡ್ಡಾಸ್ಪತ್ರೆಯ ಹಾಸಿಗೆಗಳಲ್ಲಿ ಮಲಗಿದ್ದ ಹೆಸರಿಲ್ಲದ ಹಳ್ಳಿಗರು, ಇವರೆಲ್ಲ ಸೇರಿ ಕಟ್ಟಿಕೊಟ್ಟ ವಿದ್ಯೆ ಇದು. ಇದು ಯಾರೊಬ್ಬರ ಪಿತ್ರಾರ್ಜಿತ ಆಸ್ತಿಯಲ್ಲ. ಆ ಬಾಕಿಯನ್ನು ನಾವು ಬೇಡುವುದಿಲ್ಲ, ವಸೂಲು ಮಾಡಲು ಹೊರಟಿದ್ದೇವೆ. ಅರ್ಜಿಯ ಕಾಗದ ಈ ಮೇಜಿನ ಮೇಲಿದೆ. ಸಭೆ ಮುಗಿದ ಮೇಲೆ ಸಾಲಾಗಿ ಬಂದು ರುಜು ಹಾಕಬೇಕೆಂದು ಕೇಳಿಕೊಳ್ಳುತ್ತೇವೆ; ರುಜು ಬಾರದವರು ಹೆಬ್ಬೆಟ್ಟು ಒತ್ತಬಹುದು. ಮಂಡಿ ನೋಯುವ ಹಿರಿಯರು ಎದ್ದು ಬರುವುದು ಬೇಡ. ಕಾಗದವನ್ನು ನಾವೇ ಅವರು ಕೂತಲ್ಲಿಗೆ ತರುತ್ತೇವೆ.